ಮೂರು ಆಂಪ್, ಒಂದೇ ಸ್ಪೀಕರ್: ಐಸಿ, ಟ್ರಾನ್ಸಿಸ್ಟರ್, ಡಿ ಕ್ಲಾಸ್

ಮೇಜಿನ ಮೇಲೆ ಮೂರು ಆಂಪ್ಲಿಫೈಯರ್‌ಗಳಿದ್ದವು, ಮೂರೂ ನಾನೇ ಕಟ್ಟಿದವು. ಒಂದು ಎಲ್‌ಎಂ3886 ಐಸಿಯದ್ದು, ಅಂದರೆ ಇಡೀ ಸರ್ಕ್ಯೂಟೇ ಒಳಗಿರುವ ಚಿಪ್. ಇನ್ನೊಂದು 2ಎಸ್‌ಸಿ5200, 2ಎಸ್‌ಎ1943 ಟ್ರಾನ್ಸಿಸ್ಟರ್ ಜೋಡಿಯದ್ದು. ಮೂರನೆಯದು ಟಿಪಿಎ3116 ಐಸಿಯ ಡಿ ಕ್ಲಾಸ್, ಅಂದರೆ ಔಟ್‌ಪುಟ್ ಸ್ವಿಚ್‌ನಂತೆ ಅತಿ ವೇಗವಾಗಿ ಆನ್-ಆಫ್ ಆಗುವ ಬಗೆ. ಮೊದಲೆರಡಕ್ಕೂ ಪವರ್ ಸಪ್ಲೈ ಒಂದೇ: 24-0-24 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಒಂದು ಡಯೋಡ್ ಬ್ರಿಡ್ಜ್, ಎರಡೂ ಕಡೆಗೆ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಸಿಗುವುದು ಪ್ಲಸ್-ಮೈನಸ್ 33 ವೋಲ್ಟ್ ಆಸುಪಾಸು. ಡಿ ಕ್ಲಾಸ್‌ಗೆ ಮಾತ್ರ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್. ಸ್ಪೀಕರ್ ಮೂರಕ್ಕೂ ಅದೇ, 8 ಓಮ್‌ನದು.

ಎ ಕ್ಲಾಸ್ ಯಾಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಬ್ರಿಟಿಷ್ ಎಂಜಿನಿಯರ್ ಜಾನ್ ಲಿನ್ಸ್‌ಲೀ ಹುಡ್ 1969ರಲ್ಲಿ ಪ್ರಕಟಿಸಿದ 10 ವ್ಯಾಟ್‌ನ ಎ ಕ್ಲಾಸ್ ಸರ್ಕ್ಯೂಟ್ ನನಗೂ ಇಷ್ಟವೇ. ಆದರೆ 8 ಓಮ್‌ಗೆ ಅದು 27 ವೋಲ್ಟಿನಲ್ಲಿ 1.2 ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಹಾಡಿರಲಿ ಬಿಡಲಿ, ಒಂದೊಂದು ಚಾನೆಲ್‌ಗೆ 32 ವ್ಯಾಟ್ ಶಾಖ. ಅಷ್ಟು ದೊಡ್ಡ ಹೀಟ್ ಸಿಂಕ್ (ಶಾಖ ಹೊರಚೆಲ್ಲುವ ಲೋಹದ ತುಂಡು) ನನ್ನ ಹತ್ತಿರ ಇರಲಿಲ್ಲ.

ಮೊದಲು ಎಲ್‌ಎಂ3886. ಹನ್ನೊಂದು ಕಾಲಿನ ಐಸಿ, ಸುತ್ತ ಬೆರಳೆಣಿಕೆಯ ರೆಸಿಸ್ಟರ್, ಕೆಪಾಸಿಟರ್. ಪ್ಲಸ್-ಮೈನಸ್ 28 ವೋಲ್ಟಿನಲ್ಲಿ 4 ಓಮ್‌ಗೆ 68 ವ್ಯಾಟ್, 8 ಓಮ್‌ಗೆ 38 ವ್ಯಾಟ್ ಕೊಡುತ್ತದೆ ಎನ್ನುತ್ತದೆ ತಯಾರಕರ ವಿವರಪತ್ರ, ಅಂದರೆ ಡೇಟಾಶೀಟ್. ಒಂದೇ ಸಂಜೆಗೆ ಕಟ್ಟಿ ಮುಗಿಸಿದೆ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಔಟ್‌ಪುಟ್‌ನಲ್ಲಿ ಡಿಸಿ ಇಲ್ಲ, ಬಿಸಿಯೂ ಇಲ್ಲ, ಹಾಡೂ ಇಲ್ಲ. ಐಸಿ ಸತ್ತಿದೆ ಎಂದುಕೊಂಡು ಬಿಚ್ಚಿ ಇನ್ನೊಂದು ಹಾಕಿದೆ. ಅದೂ ಮೂಕ. ಹನ್ನೊಂದು ಕಾಲು ಬಿಡಿಸುವಾಗ ಪಿಸಿಬಿಯ ಎರಡು ಟ್ರ್ಯಾಕ್ ಕಿತ್ತು ಬಂದಿದ್ದೇ ಲಾಭ. ಆಮೇಲೆ ಡೇಟಾಶೀಟನ್ನು ಸಾವಧಾನವಾಗಿ ಓದಿದಾಗ ತಿಳಿಯಿತು: ಎಂಟನೇ ಕಾಲು ಮ್ಯೂಟ್. ಅದರಿಂದ ಮೈನಸ್ ಸಪ್ಲೈ ಕಡೆಗೆ ಕನಿಷ್ಠ ಅರ್ಧ ಮಿಲಿಆಂಪಿಯರ್ ಹರಿಯದಿದ್ದರೆ ಐಸಿ ಬಾಯಿ ಬಿಡುವುದಿಲ್ಲ. ನಾನು ಆ ಕಾಲನ್ನು ಎಲ್ಲಿಗೂ ಸೇರಿಸದೆ ಹಾಗೇ ಬಿಟ್ಟಿದ್ದೆ. 33 ಕಿಲೋಓಮ್ ಹಾಕಿದ ಕೂಡಲೇ ಹಾಡಿತು. ಮೊದಲು ಕಿತ್ತ ಐಸಿಯೂ ಚೆನ್ನಾಗಿಯೇ ಇತ್ತು.

ಇನ್ನೊಂದು ಎಚ್ಚರ. ಈ ಐಸಿಯ ಹೆಸರಿನ ಕೊನೆಯಲ್ಲಿ ಟಿ ಇದ್ದರೆ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಸೇರಿರುತ್ತದೆ, ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಬೇಕೇ ಬೇಕು. ಟಿಎಫ್ ಇದ್ದರೆ ಬೆನ್ನು ಪ್ಲಾಸ್ಟಿಕ್, ಮೈಕಾ ಬೇಡ. ಸ್ಕ್ರೂ ಬಿಗಿದ ಮೇಲೆ, ಕರೆಂಟ್ ಕೊಡುವ ಮುಂಚೆ, ಹೀಟ್ ಸಿಂಕಿಗೂ ಬೆನ್ನಿಗೂ ಮಲ್ಟಿಮೀಟರ್ ಹಿಡಿದು ನೋಡಿ. ಬೀಪ್ ಬಂದರೆ ಮೈಕಾ ತೂತಾಗಿದೆ.

ಹಾಡೇನೋ ಬಂತು, ಜೊತೆಗೆ ಗುಂಯ್ ಎಂಬ ಸದ್ದೂ ಬಂತು. ಈ ಇಡೀ ಪ್ರಯೋಗದಲ್ಲಿ ನಾನು ಅತಿ ಹೆಚ್ಚು ಸಮಯ ಕಳೆದದ್ದು ಇಲ್ಲೇ. ಇನ್‌ಪುಟ್ ಜ್ಯಾಕನ್ನು ಶಾರ್ಟ್ ಮಾಡಿದರೂ ಗುಂಯ್ ನಿಲ್ಲಲಿಲ್ಲ, ಅಂದರೆ ಹೊರಗಿನಿಂದ ಬರುತ್ತಿರಲಿಲ್ಲ. ವಾಲ್ಯೂಮ್ ತಿರುಗಿಸಿದರೂ ಅಷ್ಟೇ ಇತ್ತು. ಕೆಪಾಸಿಟರ್ ಸಾಲದೇನೋ ಎಂದು ಇನ್ನೆರಡು ಸೇರಿಸಿದೆ, ಗುಂಯ್ ಇನ್ನೂ ಹರಿತವಾಯಿತು! ಕೊನೆಗೆ ಸಿಕ್ಕಿದ ಕಾರಣ ಒಂದು ಗೇಣು ತಂತಿ. ಟ್ರಾನ್ಸ್‌ಫಾರ್ಮರಿನ ನಡುವಿನ ತುದಿಯಿಂದ ಕೆಪಾಸಿಟರ್‌ಗಳಿಗೆ ಹೋಗುವ ತಂತಿಯ ಮಧ್ಯದಲ್ಲಿ ನಾನು ಇನ್‌ಪುಟ್ ಗ್ರೌಂಡನ್ನು (ಸೊನ್ನೆ ವೋಲ್ಟಿನ ತಂತಿ) ಬೆಸೆದಿದ್ದೆ. ಕೆಪಾಸಿಟರ್ ತುಂಬಿಕೊಳ್ಳುವ ಕರೆಂಟ್ ಆ ತಂತಿಯಲ್ಲಿ ಹಿತವಾಗಿ ಹರಿಯುವುದಿಲ್ಲ. 50 ಹರ್ಟ್ಸ್ ಮೇನ್ಸ್ ಇದ್ದರೆ ಸೆಕೆಂಡಿಗೆ ನೂರು ಬಾರಿ ಗುದ್ದಿದ ಹಾಗೆ ಬರುತ್ತದೆ. ಗುದ್ದಿದಾಗಲೆಲ್ಲ ತಂತಿಯ ಎರಡು ತುದಿಗಳ ನಡುವೆ ಕೆಲವು ಮಿಲಿವೋಲ್ಟ್ ಏಳುತ್ತದೆ, ಆಂಪ್ ಅದನ್ನೇ ಹಾಡೆಂದು ತಿಳಿದು ಇಪ್ಪತ್ತು ಪಟ್ಟು ದೊಡ್ಡದು ಮಾಡುತ್ತದೆ. ಕೆಪಾಸಿಟರ್ ಹೆಚ್ಚಿಸಿದರೆ ಗುದ್ದು ಇನ್ನೂ ಬಲವಾಗುತ್ತದೆ. ಎರಡು ಕೆಪಾಸಿಟರ್‌ಗಳು ಸೇರುವ ಜಾಗದಿಂದ ಬೇರೆಯೇ ಒಂದು ತಂತಿ ಎಳೆದು, ಅದರ ತುದಿಯಲ್ಲಿ ಎಲ್ಲ ಗ್ರೌಂಡುಗಳನ್ನೂ ಸೇರಿಸಿದೆ. ಟ್ವೀಟರಿಗೆ ಕಿವಿ ಹಚ್ಚಿದರೂ ಏನೂ ಕೇಳಿಸಲಿಲ್ಲ.

ಟ್ರಾನ್ಸಿಸ್ಟರ್ ಆಂಪ್ ಬೇರೆಯೇ ಜಾತಿ. ಇಲ್ಲಿ ತಪ್ಪು ಮಾಡಿದರೆ ಮೌನವಲ್ಲ, ಹೊಗೆ. ಅದಕ್ಕೇ ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟ್‌ನ ಹಳೆಯ ತಂತಿಬಲ್ಬನ್ನು ಮೇನ್ಸ್‌ಗೆ ಸೀರೀಸ್‌ನಲ್ಲಿ ಹಾಕಿದ್ದೆ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಹೊಳೆಯುತ್ತಲೇ ಇದ್ದರೆ ಸ್ವಿಚ್ ತೆಗೆಯಿರಿ. ನನ್ನದು ಮಂಕಾಯಿತು. ಎಮಿಟರಿನ 0.22 ಓಮ್ ರೆಸಿಸ್ಟರ್ ಮೇಲೆ 11 ಮಿಲಿವೋಲ್ಟ್ ಬರುವವರೆಗೆ, ಅಂದರೆ 50 ಮಿಲಿಆಂಪಿಯರ್‌ಗೆ, ಪ್ರೀಸೆಟ್ (ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ತಿರುಗಿಸಿದೆ. ಖುಷಿಯಾಗಿ ನೀರು ಕುಡಿಯಲು ಎದ್ದೆ. ಬಂದು ನೋಡಿದರೆ ಮೀಟರಿನಲ್ಲಿ 40 ಮಿಲಿವೋಲ್ಟ್, ನೋಡನೋಡುತ್ತಲೇ 50, 60. ಬಯಾಸ್, ಅಂದರೆ ಹಾಡಿಲ್ಲದಾಗಲೂ ಹರಿಯುವ ಈ ಸಣ್ಣ ಕರೆಂಟ್, ಹಿಡಿದಿಡಬೇಕಾದ ಬಿಡಿ139 ಟ್ರಾನ್ಸಿಸ್ಟರನ್ನು ಬೋರ್ಡಿನ ಮೇಲೆಯೇ ನಿಲ್ಲಿಸಿದ್ದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗುತ್ತಿರುವುದು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಹೀಟ್ ಸಿಂಕಿಗೆ, ಔಟ್‌ಪುಟ್ ಜೋಡಿಯ ನಡುವೆಯೇ ಅದನ್ನು ಸ್ಕ್ರೂ ಮಾಡಿದ ಮೇಲೆ ಕರೆಂಟ್ ನಿಂತ ಕಡೆ ನಿಂತಿತು.

ಪ್ರೀಸೆಟ್ ಹಾಕುವ ಜಾಗವೂ ಮುಖ್ಯ. ಬಿಡಿ139ರ ಬೇಸ್ ಮತ್ತು ಎಮಿಟರ್ ನಡುವೆ ಹಾಕಿ. ಮುಂದೆಂದೋ ಅದರ ಒಳಗಿನ ಸ್ಪರ್ಶ ಬಿಟ್ಟುಹೋದರೆ ಬಯಾಸ್ ಕುಸಿಯುತ್ತದೆ, ಅಷ್ಟೇ. ಕಲೆಕ್ಟರ್ ಕಡೆ ಹಾಕಿದ್ದರೆ ಬಯಾಸ್ ಪೂರ್ತಿ ಏರಿ ಔಟ್‌ಪುಟ್ ಜೋಡಿ ಸುಡುತ್ತದೆ.

ನನ್ನ ಮೊದಲ ಜೋಡಿಯೂ ಸುಟ್ಟಿತು, ಆದರೆ ಬೇರೆ ಕಾರಣಕ್ಕೆ. ಸ್ವಲ್ಪ ಜೋರಾಗಿ ಹಾಡಿಸಿದ್ದಕ್ಕೇ ಪಟ್ ಎಂದಿತು. ಸುತ್ತಿಗೆಯಿಂದ ಒಡೆದು ನೋಡಿದರೆ ಒಳಗಿನ ಸಿಲಿಕಾನ್ ಚೂರು ಕಿರುಬೆರಳಿನ ಉಗುರಿನ ಕಾಲು ಭಾಗದಷ್ಟೂ ಇಲ್ಲ. 15 ಆಂಪಿಯರ್ ಹೊರಬೇಕಾದ ಭಾಗ ಅದು! ನಕಲಿ ಮಾಲು, ಮೇಲೆ ಅಚ್ಚಾದ ನಂಬರ್ ಮಾತ್ರ ಅಚ್ಚುಕಟ್ಟು. ಆಗ ಸ್ಪೀಕರ್ ಉಳಿದದ್ದು ರಿಲೇಯಿಂದ, ಅಂದರೆ ತಾನಾಗಿಯೇ ತಂತಿ ಬಿಡಿಸುವ ಸ್ವಿಚ್‌ನಿಂದ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ 33 ವೋಲ್ಟ್ ಡಿಸಿ ನೇರ ಸ್ಪೀಕರಿಗೆ ಹೋಗುತ್ತದೆ. ಯುಪಿಸಿ1237 ಐಸಿಯ ಸಣ್ಣ ರಕ್ಷಣಾ ಬೋರ್ಡ್ ಹಾಕಿದ್ದರಿಂದ ಬರೀ ಟಕ್ ಎಂದು ಬಿಟ್ಟುಕೊಂಡಿತು. ಟ್ರಾನ್ಸಿಸ್ಟರ್ ಆಂಪ್ ಕಟ್ಟುವವರು ಇದನ್ನು ಮಾತ್ರ ಆಮೇಲೆ ನೋಡೋಣ ಎನ್ನಬೇಡಿ.

ಡಿ ಕ್ಲಾಸ್ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಕಟ್ಟಲೂ ಹೆಚ್ಚಿರಲಿಲ್ಲ. ಬೋರ್ಡ್ ಸಿದ್ಧವಾಗಿಯೇ ಬರುತ್ತದೆ, ನನ್ನ ಪಾಲಿಗೆ ಉಳಿದದ್ದು ಡಬ್ಬಿ ಮತ್ತು ತಂತಿ. 19 ವೋಲ್ಟಿನಲ್ಲಿ 8 ಓಮ್‌ಗೆ 20 ವ್ಯಾಟ್ ಮುಟ್ಟುವುದೂ ಕಷ್ಟ, ಆದರೆ ಕೋಣೆಗೆ ಅದೇ ಧಾರಾಳ. ಹೀಟ್ ಸಿಂಕ್ ಬೆರಳಗಲ, ಗಂಟೆಗಟ್ಟಲೆ ಹಾಡಿದರೂ ಉಗುರುಬೆಚ್ಚಗೆ. ಸ್ಪೀಕರಿನಲ್ಲಿ ಸ್ಸ್ ಎಂಬ ಸದ್ದಿತ್ತು. ಗೇನ್ (ಸದ್ದನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕೆಂಬುದು) ನಿರ್ಧರಿಸುವ ರೆಸಿಸ್ಟರ್ ಬದಲಿಸಿ 20 ಡೆಸಿಬೆಲ್‌ಗೆ ಇಳಿಸಿದೆ, ಬಹುಪಾಲು ಹೋಯಿತು. ಪಕ್ಕದಲ್ಲಿ ಎಎಂ ರೇಡಿಯೋ ಇಟ್ಟರೆ ಮಾತ್ರ ರೇಡಿಯೋ ಕಿರುಚುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಯಾವುದು ಚೆನ್ನಾಗಿ ಕೇಳಿಸುತ್ತದೆ? ಕಿವಿ ಜೋರಾದದ್ದನ್ನೇ ಚೆನ್ನ ಎನ್ನುತ್ತದೆ, ಹಾಗಾಗಿ ಮೊದಲು ಮೂರರ ಮಟ್ಟವನ್ನೂ ಸಮ ಮಾಡಬೇಕು. 200 ಹರ್ಟ್ಸ್‌ನ ಸ್ವರ ಹಾಕಿ ಸ್ಪೀಕರ್ ತುದಿಯಲ್ಲಿ ಮೂರಕ್ಕೂ 2 ವೋಲ್ಟ್ ಬರುವಂತೆ ಹೊಂದಿಸಿದೆ. ಸಾಧಾರಣ ಮಲ್ಟಿಮೀಟರಿನ ಎಸಿ ಅಳತೆಯನ್ನು ಅದಕ್ಕಿಂತ ತುಂಬಾ ಮೇಲಿನ ಸ್ವರಗಳಲ್ಲಿ ನಂಬಬಾರದು. ಬದಲಾಯಿಸಲು ಒಂದು ಸ್ವಿಚ್ ಡಬ್ಬಿ ಮಾಡಿದೆ, ಮೂರರ ಮೈನಸ್ ತಂತಿಯನ್ನೂ ಒಟ್ಟಿಗೆ ಬಿಗಿದು. ಡಿ ಕ್ಲಾಸ್ ತಕ್ಷಣ ಮಾತು ನಿಲ್ಲಿಸಿತು. ಅದರ ಎರಡು ಸ್ಪೀಕರ್ ತುದಿಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ, ಎರಡೂ ಸಪ್ಲೈಯ ಅರ್ಧ ವೋಲ್ಟೇಜಿನಲ್ಲಿರುತ್ತವೆ. ಪುಣ್ಯಕ್ಕೆ ಒಳಗಿನ ರಕ್ಷಣೆ ಕೆಲಸ ಮಾಡಿತು. ಎರಡೂ ತಂತಿ ಬದಲಿಸುವ ಸ್ವಿಚ್ ಹಾಕಿ ಮತ್ತೆ ಶುರು ಮಾಡಿದೆ.

ತಮ್ಮ ಸ್ವಿಚ್ ತಿರುಗಿಸಿದ, ನಾನು ಗೋಡೆಗೆ ಮುಖ ಮಾಡಿ ಕೂತೆ. ಐಸಿಯೋ ಟ್ರಾನ್ಸಿಸ್ಟರೋ ಎಂಬುದನ್ನು ಹತ್ತರಲ್ಲಿ ಐದು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಡಿ ಕ್ಲಾಸನ್ನು ಎಂಟು ಸಲ ಗುರುತಿಸಿದೆ, ತಾಳದ ಕಿಣಿಕಿಣಿ ತುಸು ಬೇರೆಯಾಗಿತ್ತು. ಈ ಬೋರ್ಡಿನಲ್ಲಿ ಫೀಡ್‌ಬ್ಯಾಕ್ (ಔಟ್‌ಪುಟನ್ನು ನೋಡಿ ತಪ್ಪು ತಿದ್ದಿಕೊಳ್ಳುವ ದಾರಿ) ಇರುವುದು ಔಟ್‌ಪುಟ್ ಫಿಲ್ಟರಿಗಿಂತ ಮುಂಚೆ, ಹಾಗಾಗಿ ಸ್ಪೀಕರಿನ ಓಮ್ ಏರಿಳಿದಂತೆ ಮೇಲಿನ ಸ್ವರಗಳೂ ಏರಿಳಿಯುತ್ತವೆ. ಬೇರೆ ಎಂದೆ, ಕೆಟ್ಟದು ಎನ್ನಲಿಲ್ಲ. ತಮ್ಮನಿಗೆ ಅದೇ ಹೆಚ್ಚು ಹಿಡಿಸಿತು, ತೆಗೆದುಕೊಂಡು ಹೋದ.

ದಿನಾ ಹಾಡುವುದು ಎಲ್‌ಎಂ3886. ಹೊಸಬರು ಕೇಳಿದರೆ ಅದನ್ನೇ ಹೇಳುತ್ತೇನೆ, ಮ್ಯೂಟ್ ಕಾಲಿನ ಕತೆಯ ಸಮೇತ. ಟ್ರಾನ್ಸಿಸ್ಟರಿನದು ಮುಚ್ಚಳವಿಲ್ಲದೆ ಕೂತಿದೆ. ಎರಡನೇ ಚಾನೆಲ್ಲಿನ ಬಯಾಸ್ ಇನ್ನೂ 9 ಮತ್ತು 12 ಮಿಲಿವೋಲ್ಟಿನ ನಡುವೆ ಓಲಾಡುತ್ತಿದೆ, ಬಿಡಿ139ರ ಸ್ಕ್ರೂ ಬಿಚ್ಚಿ ಪೇಸ್ಟ್ ಮತ್ತೆ ಹಚ್ಚಬೇಕು.