ಗುಡ್ಡ ಕುಸಿದ ವಾರದ ಪ್ರವಾಸ: ಹಾಸನದ ಲಾಡ್ಜು, ಕೆಂಪು ಬಸ್ಸು ಮತ್ತು ವಾಪಸ್ ಬಂದ ಹಣ

2024ರ ಜುಲೈ 26ರ ಶುಕ್ರವಾರ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಘಾಟಿಯಲ್ಲಿ, ಎಡಕುಮೇರಿ–ಕಡಗರವಳ್ಳಿ ಮಧ್ಯೆ, ರೈಲು ಹಳಿಯ ಕೆಳಗಿನ ಮಣ್ಣು ಕುಸಿಯಿತು. ಮರುದಿನ ಬೆಳಿಗ್ಗೆ ಯಶವಂತಪುರದಿಂದ ಮಂಗಳೂರಿಗೆ ಹೊರಡುವ ಹಗಲು ರೈಲಿನಲ್ಲಿ ನಮ್ಮ ನಾಲ್ಕು ಸೀಟುಗಳಿದ್ದವು. ರೈಲು ರದ್ದಾಗಿದೆ ಎಂಬ ಸಂದೇಶ ಮೊಬೈಲಿಗೆ ಬಂದಾಗ ಅತ್ತೆಯವರು ಉಪ್ಪಿನಕಾಯಿ ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟುತ್ತಿದ್ದರು. ಎಂಟು ವರ್ಷದ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಒಂದರಿಂದ ಐವತ್ತೇಳರವರೆಗೆ ಸಾಲಾಗಿ ಸಂಖ್ಯೆ ಬರೆದು ಮುಗಿಸಿದ್ದಳು. ಆ ಘಾಟಿಯಲ್ಲಿ 57 ಸುರಂಗಗಳಿವೆಯೆಂದು ಅವಳಿಗೆ ಹೇಳಿದ್ದವಳು ನಾನೇ. ಒಂದೊಂದು ಸುರಂಗ ದಾಟಿದಂತೆ ಒಂದೊಂದು ಸಂಖ್ಯೆಯ ಮುಂದೆ ಗುರುತು ಹಾಕುವುದು ಅವಳ ಯೋಜನೆ.

ಈ ಬರಹ ಆ ಮೂರು ದಿನಗಳಲ್ಲಿ ನಾವು ಬಳಸಿದ ಸೇವೆಗಳ ವಿಮರ್ಶೆ. ಕೆಲವು ಸೇವೆಗಳು ನಮ್ಮನ್ನು ಕೈಬಿಟ್ಟವು, ಕೆಲವು ಕೈಹಿಡಿದವು. ಪ್ರವಾಸಕ್ಕೆಂದು ತೆಗೆದಿಟ್ಟಿದ್ದ ಒಟ್ಟು ಹಣ ಹನ್ನೆರಡು ಸಾವಿರ ರೂಪಾಯಿ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಹಣವಿದ್ದವರಿಗೆ ರದ್ದಾದ ರೈಲು ಒಂದು ಕಿರಿಕಿರಿ ಮಾತ್ರ. ಅವರು ಕಾರು ಬಾಡಿಗೆಗೆ ಪಡೆದು ಹೊರಡುತ್ತಾರೆ.

ಮೊದಲಿಗೆ ಹಣ ನುಂಗಿದ ಸೇವೆಯ ವಿಷಯ. ಕರಾವಳಿಯ ಒಂದು ಹೋಂಸ್ಟೇಯನ್ನು ಜಾಲತಾಣವೊಂದರ ಮೂಲಕ ಎರಡು ರಾತ್ರಿಗೆ ಕಾಯ್ದಿರಿಸಿದ್ದೆವು. ಅದೇ ಕೋಣೆಗೆ ಅಲ್ಲಿ ಎರಡು ದರಗಳಿದ್ದವು: ರದ್ದು ಮಾಡಿದರೆ ಹಣ ಮರಳುವ ದರ, ಮತ್ತು ಅದಕ್ಕಿಂತ ಆರುನೂರು ರೂಪಾಯಿ ಕಡಿಮೆಯ, ಹಣ ಮರಳದ ದರ. ಆರುನೂರು ಉಳಿಯಿತೆಂಬ ಸಂತೋಷದಲ್ಲಿ ನಾನು ಎರಡನೆಯದನ್ನು ಆರಿಸಿ 3,200 ರೂಪಾಯಿ ಕಟ್ಟಿದ್ದೆ. ಯಜಮಾನರು ರಾತ್ರಿಯೇ ಮಾಲೀಕರಿಗೆ ಕರೆ ಮಾಡಿ, ಹಣ ಬೇಡ, ದಿನಾಂಕವನ್ನಾದರೂ ಮುಂದಕ್ಕೆ ಹಾಕಿಕೊಡಿ ಎಂದು ಕೇಳಿದರು. "ಚಾರ್ಮಾಡಿ ರೋಡ್ ಓಪನ್ ಉಂಟಲ್ಲ ಸರ್, ಅದರಲ್ಲಿ ಬನ್ನಿ" ಎಂಬ ಉತ್ತರ ಬಂತು. ನಿಯಮದ ಪ್ರಕಾರ ಅವರದು ತಪ್ಪೆಂದು ಹೇಳಲಾಗದು. ಷರತ್ತನ್ನು ಒಪ್ಪಿ ಗುಂಡಿ ಒತ್ತಿದವಳು ನಾನು. ಆದರೆ ಆ ಜಿಟಿಜಿಟಿ ಮಳೆಯಲ್ಲಿ, ಹತ್ತು ದಿನ ಮೊದಲಷ್ಟೇ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಜನ ಸತ್ತಿದ್ದ ಸುದ್ದಿ ಇನ್ನೂ ಹಸಿಯಾಗಿದ್ದಾಗ, ಎಪ್ಪತ್ತು ದಾಟಿದ ಅತ್ತೆಯವರನ್ನೂ ಮಗುವನ್ನೂ ಕೂರಿಸಿಕೊಂಡು ಇನ್ನೊಂದು ಘಾಟಿ ಇಳಿಯಲು ನಮಗೆ ಮನಸ್ಸಾಗಲಿಲ್ಲ. 3,200 ಹೋಯಿತು.

ಶಿರೂರಿನ ಸುದ್ದಿ ಓದಿಯೂ ಟಿಕೆಟ್ ಮಾಡಿಸಿದ್ದೇಕೆ ಎಂದು ಯಾರಾದರೂ ಕೇಳಬಹುದು. ನಾವು ಜೂನ್‌ನಲ್ಲಿಯೇ ಮಾಡಿಸಿದ್ದೆವು, ಅದೂ ಆಷಾಢದ ದರ ನೋಡಿ. ಮದುವೆ, ಗೃಹಪ್ರವೇಶಗಳಿಲ್ಲದ, ಮಳೆಗೆ ಹೆದರಿ ಪ್ರವಾಸಿಗರೂ ಕಡಿಮೆಯಾಗುವ ಆ ತಿಂಗಳಲ್ಲಿ ಕೋಣೆಗಳ ಬಾಡಿಗೆ ಇಳಿಯುತ್ತದೆ. ಬಾಡಿಗೆ ಇಳಿಸುವ ಮಳೆಯೇ ಗುಡ್ಡವನ್ನೂ ಇಳಿಸುತ್ತದೆ ಎಂಬ ಸರಳ ಲೆಕ್ಕ ನಮಗೆ ಹೊಳೆಯಲಿಲ್ಲ. ಅಗ್ಗದ ಕಾಲದಲ್ಲಿ ಹೊರಡುವವರು ಬೇರೆಲ್ಲಿ ಬೇಕಾದರೂ ಹಣ ಉಳಿಸಲಿ, ರದ್ದತಿಯ ಷರತ್ತಿನಲ್ಲಿ ಮಾತ್ರ ಉಳಿಸಬಾರದೆಂಬುದು ಈ ಇಡೀ ವಿಮರ್ಶೆಯಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು. ಅತ್ತೆಯವರು ಮಾತ್ರ "ಆಷಾಢದಲ್ಲಿ ಹೊರಟ್ರೆ ಇನ್ನೇನಾಗತ್ತೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು.

ರೈಲು ಟಿಕೆಟ್ಟಿನ ಹಣದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಗಾಬರಿಯಲ್ಲಿ ಜನ ತಪ್ಪು ಮಾಡುವುದು ಇಲ್ಲಿಯೇ. ರೈಲ್ವೆಯೇ ರೈಲನ್ನು ಪೂರ್ತಿ ರದ್ದು ಮಾಡಿದರೆ, ಆನ್‌ಲೈನ್‌ನಲ್ಲಿ ಪಡೆದ ಟಿಕೆಟ್ಟಿನ ಪೂರ್ಣ ದರ ತಾನಾಗಿಯೇ ಖಾತೆಗೆ ಮರಳುತ್ತದೆ. ಅರ್ಜಿಯಾಗಲೀ, ಟಿಡಿಆರ್ (ಟಿಕೆಟ್ಟಿನ ಹಣ ಮರಳಿಸಿ ಎಂದು ರೈಲ್ವೆಗೆ ಸಲ್ಲಿಸುವ ಕೋರಿಕೆ) ಆಗಲೀ ಬೇಕಿಲ್ಲ. ಆದ್ದರಿಂದ ಸುದ್ದಿ ಕೇಳಿದ ಕೂಡಲೇ ಆ್ಯಪ್ ತೆರೆದು ನಾವೇ ಟಿಕೆಟ್ ರದ್ದು ಮಾಡಬಾರದು. ರೈಲು ರದ್ದಾಯಿತೆಂದು ಅಧಿಕೃತವಾಗಿ ದಾಖಲಾಗುವ ಮೊದಲೇ ನಾವು ಕೈಹಾಕಿದರೆ, ಅದು ಪ್ರಯಾಣಿಕರು ಸ್ವಂತ ಇಚ್ಛೆಯಿಂದ ಮಾಡಿದ ರದ್ದತಿಯಾಗಿ, ಶುಲ್ಕ ಕಡಿತವಾಗಬಹುದು. ಯಜಮಾನರ ಬೆರಳು ಆ ಗುಂಡಿಯ ಮೇಲೆಯೇ ಇತ್ತು. ನಾನು ಫೋನ್ ಕಸಿದುಕೊಂಡೆ. ಕೌಂಟರಿನಲ್ಲಿ ಪಡೆದ ಕಾಗದದ ಟಿಕೆಟ್ಟಾದರೆ, ಹೊರಡಬೇಕಿದ್ದ ಸಮಯದಿಂದ ಮೂರು ದಿನಗಳೊಳಗೆ ಕೌಂಟರಿಗೆ ಹಿಂದಿರುಗಿಸಬೇಕು. ರೈಲು ರದ್ದಾಗದೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನಾವು ಪ್ರಯಾಣ ಬೇಡವೆಂದರೆ, ರೈಲು ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಸಲ್ಲಿಸಬೇಕು. ಇನ್ನು ಟಿಕೆಟ್ ಮಾಡಿಸುವಾಗ ತಲೆಗೆ 45 ಪೈಸೆಯಂತೆ ಕೊಡುವ ವಿಮೆಯನ್ನು ಹಲವರು ಪ್ರವಾಸದ ವಿಮೆಯೆಂದು ತಿಳಿದಿದ್ದಾರೆ. ಅದು ಅಪಘಾತದಲ್ಲಿ ಸಾವು, ಅಂಗವೈಕಲ್ಯ, ಆಸ್ಪತ್ರೆ ಖರ್ಚಿಗೆ ಸಂಬಂಧಿಸಿದ್ದು. ರದ್ದಾದ ರೈಲಿಗಾಗಲೀ, ಕಳೆದುಕೊಂಡ ಹೋಂಸ್ಟೇ ಹಣಕ್ಕಾಗಲೀ ಅದರಿಂದ ಏನೂ ಬಾರದು.

ಶನಿವಾರ ಬೆಳಿಗ್ಗೆ, ಕಟ್ಟಿದ ಚಪಾತಿಯನ್ನು ಮನೆಯಲ್ಲೇ ತಿನ್ನುವ ಅವಮಾನ ಬೇಡವೆಂದು, ಮೆಜೆಸ್ಟಿಕ್ಕಿಗೆ ಹೋಗಿ ಹಾಸನದ ಕೆಂಪು ಬಸ್ಸು ಹತ್ತಿದೆವು. ಹಾಸನವೇ ಏಕೆಂದರೆ, ಅದು ಘಾಟಿಯ ಈಚೆಗಿದೆ, ಸುಮಾರು 185 ಕಿಲೋಮೀಟರ್ ದೂರ, ಮತ್ತು ಅಲ್ಲಿಂದ ಬೇಲೂರು, ಹಳೇಬೀಡುಗಳಿಗೆ ಸಾಮಾನ್ಯ ಬಸ್ಸುಗಳಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಕಾರಣ, ನಾಲ್ವರಲ್ಲಿ ಮೂವರದು ಸೊನ್ನೆ ದರದ ಟಿಕೆಟ್. ಹಣ ಕೊಟ್ಟವರು ಯಜಮಾನರೊಬ್ಬರೇ, ಅದೂ ಇನ್ನೂರ ಚಿಲ್ಲರೆ ರೂಪಾಯಿ. ನಂತರ, 2025ರ ಜನವರಿಯಲ್ಲಿ, ಬಸ್ ದರಗಳು ಶೇಕಡಾ 15ರಷ್ಟು ಏರಿವೆ. ಯೋಜನೆಯ ಪ್ರಯೋಜನ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗಷ್ಟೇ, ರಾಜಹಂಸ, ಐರಾವತಗಳಿಗಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ವಾರಾಂತ್ಯದಲ್ಲಿ ಇಂಥ ಬಸ್ಸುಗಳಲ್ಲಿ ನೂಕುನುಗ್ಗಲು ಸಹಜವಾದ್ದರಿಂದ, ಹಿರಿಯರಿದ್ದರೆ ದಾರಿಮಧ್ಯದ ನಿಲ್ದಾಣದಲ್ಲಿ ಕಾಯುವ ಬದಲು ಬಸ್ಸು ಹೊರಡುವ ನಿಲ್ದಾಣಕ್ಕೇ ಹೋಗಿ ಹತ್ತುವುದು ಒಳ್ಳೆಯದು.

ಹಾಸನದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೋಟೆಲಿನ ಮೇಲಿನ ಮಹಡಿಗಳಲ್ಲಿರುವ ಹಳೆಯ ಲಾಡ್ಜೊಂದರಲ್ಲಿ ಕೋಣೆ ಹಿಡಿದೆವು. ಅದರ ಹೆಸರನ್ನು ಬರೆಯುವುದಿಲ್ಲ. ಎರಡು ಮಳೆರಾತ್ರಿಗಳನ್ನು ನೋಡಿ ಒಂದು ವ್ಯಾಪಾರದ ಹೆಸರು ಕೆಡಿಸುವುದು ನ್ಯಾಯವಲ್ಲ, ಮತ್ತು ಇಂಥ ಲಾಡ್ಜುಗಳು ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇವೆ. ಎರಡು ಮಂಚದ ಕೋಣೆಗೆ 1,200, ಹೆಚ್ಚುವರಿ ಹಾಸಿಗೆಗೆ 200. ಕಿಟಕಿಯ ಕೆಳಗಿನ ಗೋಡೆ ಒಂದು ಮೊಳದಷ್ಟು ಎತ್ತರಕ್ಕೆ ತೇವಗೊಂಡು ಬಣ್ಣ ಹಪ್ಪಳದಂತೆ ಎದ್ದಿತ್ತು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಹೊದಿಕೆಗಳು ಶುಭ್ರವಾಗಿದ್ದರೂ ಒಣಗಿರಲಿಲ್ಲ. ಆ ವಾರ ಹಾಸನದಲ್ಲಿ ಯಾವ ಬಟ್ಟೆಯೂ ಒಣಗಿದ್ದಂತೆ ಕಾಣಲಿಲ್ಲ.

ಆದರೂ ಆ ಕೋಣೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅಲ್ಲಿ ಇಪ್ಪತ್ನಾಲ್ಕು ಗಂಟೆಯ ಚೆಕ್‌ಔಟ್ ಪದ್ಧತಿ ಇತ್ತು. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದವರು ಮರುದಿನ ಎರಡರವರೆಗೂ ಇರಬಹುದು. ಯೋಜನೆ ಮುರಿದು ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಹನ್ನೆರಡು ಗಂಟೆಗೆ ಎಲ್ಲರನ್ನೂ ಹೊರಹಾಕುವ ಹೊಸ ಹೋಟೆಲುಗಳಲ್ಲಿ ಅರ್ಧ ದಿನದ ಬಾಡಿಗೆ ವ್ಯರ್ಥವಾಗುತ್ತದೆ. ಎರಡನೆಯದಾಗಿ, ಒಂದೊಂದು ರಾತ್ರಿಯ ಹಣವನ್ನಷ್ಟೇ ಪಡೆದು, ನಾಳೆ ಇರುತ್ತೀರೋ ಇಲ್ಲವೋ ಬೆಳಿಗ್ಗೆ ಹೇಳಿದರೆ ಸಾಕೆಂದರು. ಹೋಂಸ್ಟೇಯ ಹಣ ಕಳೆದುಕೊಂಡು ಹದಿನೆಂಟು ಗಂಟೆಯೂ ಆಗಿರದ ನಮಗೆ ಆ ಮಾತು ಕೇಳಿ ಆದ ನೆಮ್ಮದಿ ಬಹಳ. ನಮ್ಮ ಶೂಗಳಿಂದ ನೀರು ಸೋರುವುದನ್ನು ನೋಡಿದ ರೂಮ್ ಬಾಯ್, ಕೇಳದೆಯೇ ಹಳೆಯ ಪತ್ರಿಕೆಗಳ ಕಟ್ಟೊಂದನ್ನೂ, ಕಿಟಕಿಯಿಂದ ಬಾಗಿಲ ಚಿಲಕದವರೆಗೆ ಕಟ್ಟಲು ನೈಲಾನ್ ಹಗ್ಗವನ್ನೂ ತಂದುಕೊಟ್ಟ. ಪತ್ರಿಕೆಯನ್ನು ಮುದ್ದೆ ಮಾಡಿ ಶೂಗಳೊಳಗೆ ತುರುಕಿ, ಹಗ್ಗದ ಮೇಲೆ ನಾಲ್ವರ ಬಟ್ಟೆ ಹರವಿ, ಫ್ಯಾನ್ ಹಾಕಿ ಮಲಗಿದೆವು. ಬೆಳಗಾಗುವಷ್ಟರಲ್ಲಿ ಬಟ್ಟೆ ಮುಕ್ಕಾಲು ಪಾಲು ಒಣಗಿತ್ತು, ನಮಗೆಲ್ಲ ನೆಗಡಿ ಹಿಡಿದಿತ್ತು.

ಭಾನುವಾರ ಬೇಲೂರು, ಹಳೇಬೀಡು. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಹಳೇಬೀಡಿಗೆ 16, ಮತ್ತೆ ಹಾಸನಕ್ಕೆ 30ರ ಆಸುಪಾಸು. ಬಸ್ಸಿನಲ್ಲೇ ತ್ರಿಕೋನವಾಗಿ ಸುತ್ತಿ ಬರಬಹುದು. ಎರಡೂ ದೇವಾಲಯಗಳಿಗೆ ಪ್ರವೇಶ ಶುಲ್ಕವಿಲ್ಲ. ಸೋಮನಾಥಪುರದೊಂದಿಗೆ ಇವು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದನೆಂದು ಶಾಲೆಯಲ್ಲಿ ಕಂಠಪಾಠ ಮಾಡಿದ್ದೆವು. ಬರಿಗಾಲಲ್ಲಿ, ಮಳೆನೀರು ಹರಿಯುವ ಚಪ್ಪಡಿಯ ಮೇಲೆ ಅತ್ತೆಯವರ ಕೈಹಿಡಿದು ಒಂದೊಂದೇ ಹೆಜ್ಜೆ ಇಡುವಾಗ ಆ ಇಸವಿಯಿಂದ ಏನೂ ಉಪಯೋಗವಾಗಲಿಲ್ಲ. ಕಲ್ಲು ಜಾರುತ್ತದೆ, ಎಚ್ಚರ. ಆದರೆ ಮಳೆಯಲ್ಲಿ ನೆನೆದ ಬಳಪದ ಕಲ್ಲಿಗೆ ಬರುವ ಕಪ್ಪು ಹೊಳಪನ್ನು ಬೇಸಿಗೆಯಲ್ಲಿ ಬಂದವರು ನೋಡಲಾರರು. ಗೈಡ್ ಟಾರ್ಚ್ ಬಿಟ್ಟು ಮದನಿಕೆಯರನ್ನು ತೋರಿಸುತ್ತಿದ್ದಾಗ, ಮಗಳಿಗೆ ಆಸಕ್ತಿಯಿದ್ದದ್ದು ಟಾರ್ಚಿನಲ್ಲಿ.

ಅವಳ ಆಸಕ್ತಿ ಕೆರಳಿದ್ದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ತಳದಲ್ಲಿ, ಅವಳ ಮೊಣಕಾಲಿನ ಎತ್ತರದಲ್ಲಿ, ಆನೆಗಳ ಸಾಲು ಸುತ್ತುತ್ತದೆ. ಬ್ಯಾಗಿನಿಂದ ಸುರಂಗಗಳ ನೋಟ್‌ಬುಕ್ ಹೊರಬಂತು. ಛತ್ರಿ ಹಿಡಿದು ಹಿಂದೆ ಹೋಗುವ ಕೆಲಸ ಅವಳ ಅಪ್ಪನದು. ಯಾವ ಎರಡು ಆನೆಗಳೂ ಒಂದೇ ತರಹ ಇಲ್ಲವೆಂದು ತೋರಿಸಲು ಅವಳು ನಮ್ಮನ್ನು ಮೂರು ಸಲ ಕೂಗಿ ಕರೆದಳು; ಒಂದು ಆನೆಯ ಸೊಂಡಿಲು ಮುಂದಿನದರ ಬಾಲದ ಬಳಿ ಇದ್ದರೆ, ಇನ್ನೊಂದರದು ಒಳಕ್ಕೆ ಸುರುಳಿಯಾಗಿತ್ತು. ಮೊದಲ ಕೆಲವು ಮೂಲೆಗಳನ್ನು ದಾಟುವಷ್ಟರಲ್ಲೇ ಐವತ್ತೇಳು ಸಾಲುಗಳು ಮುಗಿದುಹೋಗಿ, ಹೊಸ ಪುಟಕ್ಕೆ ಗೆರೆ ಎಳೆಯಲು ಪೆನ್ಸಿಲ್ಲಿನ ಮೊನೆ ಚೂಪಾಗಿಲ್ಲವೆಂದು ತಕರಾರು ಶುರುವಾಯಿತು. ಅಲ್ಲಿಂದ ಸ್ವಲ್ಪ ದೂರದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ಬಸ್ಸಿನ ಗಡಿಬಿಡಿಯಲ್ಲಿ ಬಿಟ್ಟುಬರುವವರೇ ಹೆಚ್ಚು. ಹಾಗೆ ಮಾಡಬೇಡಿ. ಅದರ ನಯಗೊಳಿಸಿದ ಕಂಬಗಳಲ್ಲಿ ನಮ್ಮ ಮುಖಗಳು ಉದ್ದವಾಗಿ, ಸೊಟ್ಟವಾಗಿ ಕಾಣುತ್ತವೆ.

ಸೋಮವಾರ ಬೆಳಿಗ್ಗೆ 900 ರೂಪಾಯಿಗೆ ಆಟೋ ಮಾತನಾಡಿಕೊಂಡು ಶೆಟ್ಟಿಹಳ್ಳಿಗೆ ಹೋಗಿಬಂದೆವು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಪ್ರತಿ ಮಳೆಗಾಲದಲ್ಲಿ ಮುಳುಗುವ ಹಳೆಯ ಇಗರ್ಜಿಯ ಗೋಡೆಗಳು ಅಲ್ಲಿವೆ. ಕರಾವಳಿಗೆ ಹೋಗುವ ದಾರಿಯನ್ನು ಮುಚ್ಚಿದ ಅದೇ ಮಳೆ ಇದನ್ನು ತುಂಬಿಸಿತ್ತು. ಕಮಾನುಗಳು ನೀರಿನಿಂದ ಅರ್ಧ ಎದ್ದು ನಿಂತಿದ್ದವು. ದಡದಲ್ಲಿ ನಿಂತು, ನೋಡಿ, ಇದೂ ಸಮುದ್ರದ ಹಾಗೇ ಇದೆ ಎಂದು ನಾನು ಅತ್ತೆಯವರಿಗೆ ಹೇಳಿದೆ. ಅವರು ಸೆರಗು ಬಿಗಿಮಾಡಿಕೊಂಡು ನೀರಿನ ಕಡೆ ಸ್ವಲ್ಪ ಹೊತ್ತು ನೋಡಿ, "ಅಲೆ ಇಲ್ಲ ಏನಿಲ್ಲ, ಸುಮ್ನೆ ಸಮಾಧಾನ ಮಾಡ್ಬೇಡ ಕಣಮ್ಮ" ಎಂದರು. ಅವರು ಸಮುದ್ರ ನೋಡಬೇಕೆಂದೇ ಈ ಪ್ರವಾಸ ಹೊರಟಿತ್ತು. ಅದು ಆಗಲಿಲ್ಲ, ಆಯಿತೆಂದು ನಟಿಸುವುದರಲ್ಲಿ ಅರ್ಥವೂ ಇಲ್ಲ. ಆಟೋದವರು ಒಂದು ಗಂಟೆ ಕಾದರೂ ಹೆಚ್ಚು ಹಣ ಕೇಳದೆ, ಬರುವ ದಾರಿಯಲ್ಲಿ ಅಕ್ಕಿ ರೊಟ್ಟಿ ಮಾಡಿಕೊಡುವ ಒಂದು ಮನೆಯ ಮುಂದೆ ನಿಲ್ಲಿಸಿದರು.

ಲೆಕ್ಕ ಹೀಗಿದೆ: ಹೋಂಸ್ಟೇಯಲ್ಲಿ ಹೋದದ್ದು 3,200, ಲಾಡ್ಜಿಗೆ 2,800, ಯಜಮಾನರ ಬಸ್ ಟಿಕೆಟ್ಟುಗಳು ಆರುನೂರಕ್ಕೆ ಸ್ವಲ್ಪ ಕಡಿಮೆ, ಶೆಟ್ಟಿಹಳ್ಳಿಯ ಆಟೋ 900, ಗೈಡಿಗೆ 400, ಉಳಿದದ್ದು ಊಟ, ತಿಂಡಿ, ಕಾಫಿ ಮತ್ತು ಎರಡು ಸ್ಟ್ರಿಪ್ ನೆಗಡಿ ಮಾತ್ರೆ. ಎಲ್ಲ ಸೇರಿ ಹನ್ನೊಂದೂವರೆ ಸಾವಿರದೊಳಗೆ ಮುಗಿಯಿತು. ರೈಲು ಮಾರ್ಗದಲ್ಲಿ ಪ್ರಯಾಣಿಕರ ರೈಲುಗಳು ಮತ್ತೆ ಓಡಿದ್ದು ಆಗಸ್ಟ್ ಮೊದಲ ವಾರ ಕಳೆದ ಮೇಲೆ. ಅದಕ್ಕಿಂತ ಮೊದಲೇ, ನಾವು ಊರಿಗೆ ಮರಳಿದ ವಾರದಲ್ಲೇ, ಟಿಕೆಟ್ಟಿನ ಹಣ ಯಾರನ್ನೂ ಕೇಳದೆ ಖಾತೆಗೆ ಬಂದು ಬಿದ್ದಿತ್ತು. ಬಾರದೆ ಉಳಿದದ್ದು, ನಿಯಮದಲ್ಲೇ ಮರಳುವುದಿಲ್ಲವೆಂದು ಬರೆದಿರುವ, ಯುಪಿಐ ಮೂಲಕ ಕಟ್ಟಿದ್ದ ಅನುಕೂಲ ಶುಲ್ಕ, ತೆರಿಗೆ ಸೇರಿ 11 ರೂಪಾಯಿ 80 ಪೈಸೆ.