ಮೌಂಟ್ ಬ್ಲಾಂಕ್ ಎದುರಿಗೆ ಕರೆದೊಯ್ಯುವ ಕೇಬಲ್ ಕಾರ್

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಹೋಮಿ ಭಾಭಾ ಅವರ ವಿಷಯ ಬಂದಾಗಲೆಲ್ಲ "ಆಲ್ಪ್ಸ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು" ಅಂತ ಒಂದೇ ಸಾಲು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಾಸ್ಮಿಕ್ ಕಿರಣಗಳ ಕೆಲಸ ಮಾಡಿದವರು ಅವರು. ಅವರ ವಿಮಾನ ಬಡಿದ ಮೌಂಟ್ ಬ್ಲಾಂಕ್ ಬೆಟ್ಟವನ್ನು ಕಣ್ಣಾರೆ ನೋಡಬೇಕು ಅನ್ನೋ ಆಸೆ ಈ ವರ್ಷ ಕೈಗೂಡಿತು.

ಫ್ರಾನ್ಸಿನ ಶಮೊನಿ ಊರಿನಿಂದ ಎಗ್ವಿ ದು ಮಿದಿ ಶಿಖರಕ್ಕೆ 1955ರಿಂದ ಕೇಬಲ್ ಕಾರ್ ಓಡುತ್ತಿದೆ. ಎರಡು ಹಂತ. 2,317 ಮೀಟರ್ ಎತ್ತರದಲ್ಲಿ ಇಳಿದು ಇನ್ನೊಂದನ್ನು ಹತ್ತಬೇಕು. ಆ ಎರಡನೇ ಹಂತದಲ್ಲಿ ನಡುವೆ ಒಂದೂ ಕಂಬವಿಲ್ಲ. ಎದೆ ಡವಡವ ಅಂದಿತು, ಆದರೆ ಕಾರ್ ಅಲುಗಾಡಲಿಲ್ಲ. ಟಿಕೆಟ್ ದುಬಾರಿಯೇ. ಮೇಲೆ, 3,842 ಮೀಟರ್‌ನಲ್ಲಿ, ನಾಲ್ಕು ಮೆಟ್ಟಿಲಿಗೆ ಉಸಿರು ಕಟ್ಟುತ್ತದೆ. ಬೇಸಿಗೆಯಲ್ಲೂ ಸ್ವೆಟರ್, ಟೋಪಿ ಬೇಕು.

ಒಂದು ಮಾತು. ನಮಗೆ ಟಿಕೆಟ್ ಮಾಡಿಸಿಕೊಟ್ಟ ಏಜೆನ್ಸಿಯವರು ಮಧ್ಯಾಹ್ನದ ಸಮಯ ಹಾಕಿದ್ದರು. ಹೋದರೆ ಎಲ್ಲಾ ಮೋಡ! ಮಾರನೇ ದಿನ ಮತ್ತೆ ದುಡ್ಡು ಕೊಟ್ಟು ಬೆಳಗ್ಗೆ ಮೊದಲ ಸರದಿಗೆ ಹೋದೆವು. ನೀವು ಬೆಳಗ್ಗೆಯೇ ಹೋಗಿ.

ಆಗ ಕಂಡಿತು ಮೌಂಟ್ ಬ್ಲಾಂಕ್. ಐದಾರು ಕಿಲೋಮೀಟರ್ ಆಚೆ, ಬೆಳ್ಳಗೆ, ಗುಂಡಗೆ. ಚೂಪಾದ ತುದಿಯೇ ಇಲ್ಲ. ಕೆಳಗೆ ಶಮೊನಿಯಲ್ಲಿ ನಿಂತಾಗ ನಾನು ಪಕ್ಕದ ಡೋಮ್ ದು ಗೂಟೆಯನ್ನೇ ಮೌಂಟ್ ಬ್ಲಾಂಕ್ ಅಂದುಕೊಂಡಿದ್ದೆ. ನೆಲದ ಮೇಲೆ ನಿಂತವಳಿಗೇ ಹೀಗೆ ಮೋಸವಾದರೆ, ಗಾಳಿಯಲ್ಲಿ ವೇಗವಾಗಿ ಹೋಗುತ್ತಿದ್ದವರಿಗೆ?

1966ರ ಜನವರಿ 24ರ ಬೆಳಗ್ಗೆ ಏರ್ ಇಂಡಿಯಾದ 'ಕಾಂಚನಜುಂಗಾ' ಬೋಯಿಂಗ್ 707 ಜಿನೀವಾದಲ್ಲಿ ಇಳಿಯಬೇಕಿತ್ತು. ದಿಕ್ಕು ತಿಳಿಸುವ ಎರಡು ವಿಓಆರ್ ಉಪಕರಣಗಳಲ್ಲಿ ಒಂದು ಕೆಟ್ಟಿತ್ತು. ಬೆಟ್ಟ ದಾಟಿಯಾಯಿತು ಅಂತ ಪೈಲಟ್ ಲೆಕ್ಕ ಹಾಕಿದರು. ಇನ್ನೂ ದಾಟಿಲ್ಲ ಅಂತ ಕೆಳಗೆ ರೇಡಾರ್ ನೋಡುತ್ತಿದ್ದವರು ತಿದ್ದಿ ಹೇಳಿದರು. ಆ ಮಾತು ಪೈಲಟ್‌ಗೆ ಬೇರೆಯೇ ಅರ್ಥವಾಯಿತು. ವಿಮಾನ ಇಳಿಯತೊಡಗಿತು. ಸುಮಾರು 4,750 ಮೀಟರ್ ಎತ್ತರದಲ್ಲಿ ಬಡಿಯಿತು. ಬೆಟ್ಟದ ನೆತ್ತಿ ಇರುವುದು 4,800ರ ಆಸುಪಾಸು. ನಾನು ಬೆರಳು ಅಡ್ಡ ಹಿಡಿದು ನೋಡಿದೆ. ನೆತ್ತಿಗೂ ಆ ಜಾಗಕ್ಕೂ ಬೆರಳಿನ ದಪ್ಪವೂ ಇಲ್ಲ. ಭಾಭಾ ಸೇರಿ 117 ಜನ ತೀರಿಕೊಂಡರು. 1950ರಲ್ಲಿ ಏರ್ ಇಂಡಿಯಾದ್ದೇ 'ಮಲಬಾರ್ ಪ್ರಿನ್ಸೆಸ್' ಕೂಡ ಇದೇ ಬೆಟ್ಟಕ್ಕೆ ಬಡಿದು 48 ಜನ ಹೋಗಿದ್ದರು.

ಇಳಿಯುವಾಗ ಕೆಳಮುಖವಾಗಿ ನಿಂತು ಎಡಗಡೆ ಕಿಟಕಿ ಹಿಡಿಯಿರಿ. ಬೊಸೊನ್ ಹಿಮನದಿ ಕಾಣುತ್ತದೆ. ವಿಮಾನದ ವಸ್ತುಗಳನ್ನು ಅದು ಇನ್ನೂ ಕೆಳಕ್ಕೆ ತಂದು ಹಾಕುತ್ತಿದೆ. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿಯಿದ್ದ ಪತ್ರಿಕೆಗಳು ಅಲ್ಲಿ ಸಿಕ್ಕವು. ಓದುವ ಹಾಗೇ ಇದ್ದವಂತೆ.