ಎಂಜಿನ್ನನ್ನು ಕಂಪ್ಯೂಟರ್ ನಿಯಂತ್ರಿಸುವ ಹಳೆಯ ಕಾರಿಗೆ ಯಾವ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಭಾಗ)?

ಜನರಲ್ ಮೋಟರ್ಸ್‌ನ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್) ಡಿಸ್ಟ್ರಿಬ್ಯೂಟರ್‌ಗಳನ್ನೇ ನೋಡಿ. 1970ರ ದಶಕದ್ದೂ 1980ರ ದಶಕದ್ದೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ. ಒಳಗಿನ ಕೆಲಸ ಮಾತ್ರ ಪೂರ್ತಿ ಬೇರೆ.

ಹಳೆಯದರಲ್ಲಿ ಎಂಜಿನ್ನಿನ ಎಳೆತಕ್ಕೆ ಓಡುವ ವ್ಯಾಕ್ಯೂಮ್ ಡಬ್ಬಿ, ವೇಗ ಏರಿದಂತೆ ಹೊರಚಾಚುವ ತೂಕದ ತುಂಡುಗಳು, ಸ್ಪಾರ್ಕ್ ಹಚ್ಚುವ ಎಲೆಕ್ಟ್ರಾನಿಕ್ ತುಂಡಾದ 4 ಪಿನ್ ಮಾಡ್ಯೂಲ್ ಇರುತ್ತವೆ. ಟೈಮಿಂಗನ್ನು, ಅಂದರೆ ಸ್ಪಾರ್ಕ್ ಬರುವ ಹೊತ್ತನ್ನು, ಡಿಸ್ಟ್ರಿಬ್ಯೂಟರೇ ಬೇಕಾದಷ್ಟು ಬೇಗಕ್ಕೆ ತರುತ್ತದೆ. ಕಂಪ್ಯೂಟರ್ ಮಾದರಿಯಲ್ಲಿ ಡಬ್ಬಿಯೂ ಇಲ್ಲ, ತೂಕವೂ ಇಲ್ಲ. 7 ಪಿನ್ ಮಾಡ್ಯೂಲ್ ಇರುತ್ತದೆ, ಕಂಪ್ಯೂಟರಿಗೆ 4 ವೈರಿನ ಕನೆಕ್ಟರ್ ಹೋಗುತ್ತದೆ. ಸ್ಪಾರ್ಕ್ ಯಾವಾಗ ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ.

ಅಗ್ಗಕ್ಕೆ ಸಿಕ್ಕಿತೆಂದು ಕಂಪ್ಯೂಟರ್ ಕಾರಿಗೆ ಹಳೆಯ ಮಾದರಿಯನ್ನು ಹಾಕಬೇಡಿ. ಕಂಪ್ಯೂಟರಿಗೆ ಎಂಜಿನ್ ವೇಗದ ಸಿಗ್ನಲ್ ಹೋಗುವುದೇ ಇಲ್ಲ. ಇಂಜೆಕ್ಷನ್ ಕಾರಾದರೆ ಪೆಟ್ರೋಲೇ ಬರುವುದಿಲ್ಲ. ಕಾರ್ಬುರೇಟರ್ ಕಾರು ಓಡಬಹುದು, ಆದರೆ ಗಾಳಿ-ಪೆಟ್ರೋಲ್ ಮಿಶ್ರಣದ ಲೆಕ್ಕ ತಪ್ಪುತ್ತದೆ.

ಹೊಸ ನಕಲು ಬೇಕಾ, ರಿಪೇರಿ ಮಾಡಿದ ಮೂಲ ಭಾಗ ಬೇಕಾ? ನನ್ನ ಒಲವು ಮೂಲದ ಕಡೆಗೆ, ಶಾಫ್ಟ್ ಅಲ್ಲಾಡದಿದ್ದರೆ ಮಾತ್ರ. ಪಕ್ಕಕ್ಕೆ ಜಾಸ್ತಿ ಆಡಿದರೆ ಹೊಸದೇ ವಾಸಿ. ಎರಡರಲ್ಲೂ ಗೇರ್ ನೋಡಲೇಬೇಕು. ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಕ್ಯಾಮ್‌ಶಾಫ್ಟ್‌ನ ಲೋಹಕ್ಕೆ ಹೊಂದದ ಗೇರ್ ಬೇಗ ಸವೆಯುತ್ತದೆ. ಟೈಮಿಂಗ್ ಹೊಂದಿಸುವಾಗ ಬೈಪಾಸ್ ವೈರ್ (ಟೈಮಿಂಗನ್ನು ಕಂಪ್ಯೂಟರಿಗೆ ಒಪ್ಪಿಸುವ ವೈರ್) ಬಿಚ್ಚಿರಿ. ಇಲ್ಲದಿದ್ದರೆ ಟೈಮಿಂಗ್ ನೋಡುವ ಲೈಟಿನಲ್ಲಿ ಕಾಣುವುದು ಕಂಪ್ಯೂಟರ್ ಬದಲಿಸಿದ ಟೈಮಿಂಗ್.